ನಂಬರಿನ ಮೇಲಿನ ವಿಭೂತಿ

ಗಂಡನ ಜಾವಾ ಮೋಟಾರ್ ಸೈಕಲ್ಲನ್ನು ಕಲ್ಲವ್ವ ‘ನನ್ನ ಸವತಿ’ ಎಂದು ಕರೆಯುತ್ತ ಬಂದು ಒಂದು ಕಾಲವೇ ಆಗಿತ್ತು. ಅದು ನಗೆಮಾತು, ಗುರುಪಾದಪ್ಪನೂ ಕೇಳಿ ನಗುತ್ತಿದ್ದ. ಆದರೆ ಮನೆಗೆ ವಾಷಿಂಗ್ ಮಷೀನು ತರುವ ಮಾತು ಎದ್ದ ಮೇಲೆ ಆ ನಗೆಮಾತಿಗೆ ಹಲ್ಲು ಮೂಡಿದವು.

ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ಅವರ ಮನೆ. ಒಂದು ನಡುಮನೆ, ಒಂದು ಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೇ ಉಳಿಯಬೇಕಾದ ಅಡುಗೆಮನೆ, ಮುಂದೆ ಕಬ್ಬಿಣದ ಜಾಲರಿ ಹಾಕಿಸಿದ ಗ್ಯಾಲರಿ. ಮನೆಯಲ್ಲಿ ಬಿಸಿಲು ಬೀಳುವ ಜಾಗ ಆ ಗ್ಯಾಲರಿಯೊಂದೇ, ಆ ಜಾಗವನ್ನು ಜಾವಾ ಆಳುತ್ತಿತ್ತು. ಬಟ್ಟೆ ಒಣಹಾಕುವವರು ಅದರ ಹ್ಯಾಂಡಲ್ಲಿಗೆ ತಾಗದಂತೆ ಬಗ್ಗಬೇಕು. ಶೇಂಗಾ ಒಣಗಿಸಬೇಕೆಂದರೆ ಅದರ ಎರಡು ಚಕ್ರಗಳ ನಡುವೆ ಸಿಕ್ಕಷ್ಟು ನೆಲ. ಕಲ್ಯಾಣದ ಮರಾಠಿ ಹುಡುಗಿ ಸ್ನೇಹಲ್ ಸೊಸೆಯಾಗಿ ಬಂದ ದಿನ ಹೊಸ್ತಿಲ ಮೇಲಿನ ಸೇರು ಒದೆಯುವುದಕ್ಕೂ ಮೊದಲು ಇದರ ಸೈಲೆನ್ಸರನ್ನು ಒದ್ದು ಎಡವಿದ್ದಳು.

ಗುರುಪಾದಪ್ಪ ವಿಜಯಪುರದ ಕಡೆಯವನು. ಅಂಬರನಾಥದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು. ಮದುವೆಯಾದ ಹೊಸತರಲ್ಲಿ ಆ ಕಾರ್ಖಾನೆಯ ವಯಸ್ಸಾದ ಸಾಹೇಬರೊಬ್ಬರಿಂದ ಈ ಗಾಡಿಯನ್ನು ಕೊಂಡಿದ್ದ. ಅಂದಿನಿಂದ ಪಾಳಿ ಯಾವುದಿರಲಿ, ಮಳೆ ಎಷ್ಟಿರಲಿ, ಅಂಬರನಾಥಕ್ಕೆ ಹೋಗಿ ಬಂದದ್ದು ಇದರ ಮೇಲೆಯೇ. ಆದರೆ ಈ ವರ್ಷ ಬೇಸಿಗೆಯಲ್ಲಿ ಅವನ ಬಲಗಾಲಿಗೆ ಉಕ್ಕಿನ ಮೊಣಕಾಲು ಕೂಡಿಸಿದ್ದರು. ಆಸ್ಪತ್ರೆಯಿಂದ ಬಿಡುವಾಗ ಆ ಮೊಣಕಾಲಿನ ನಂಬರು ಬರೆದ ಕಾರ್ಡು ಕೈಗಿತ್ತರು. “ನೋಡs, ನನಗೂ ಚಾಸಿ ನಂಬರ್ ಕೊಟ್ರು,” ಎಂದು ಹೆಂಡತಿಯ ಮುಂದೆ ಹೆಮ್ಮೆಪಟ್ಟಿದ್ದ. ಕಿಕ್ ಹೊಡೆಯಬಾರದು ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ಹೇಳದಿದ್ದರೇನು, ಜಾವಾ ಗುಡುಗಿ ತಿಂಗಳುಗಳಾಗಿದ್ದವು. ಅಷ್ಟು ದೊಡ್ಡ ಮೌನ ಯಾರ ಕಿವಿಗೂ ಬೀಳದೆ ಇರುವಂಥದ್ದಲ್ಲ.

ಶ್ರಾವಣದ ಒಂದು ಸಂಜೆ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಮಾತು ಹೊರಬಿತ್ತು. ರೊಟ್ಟಿ, ಝುಣಕ, ಮೊಸರು. ರೊಟ್ಟಿ ನೀಡುತ್ತಿದ್ದ ಕಲ್ಲವ್ವನ ಮಣಿಕಟ್ಟು ಊದಿಕೊಂಡಿದ್ದನ್ನು ಸ್ನೇಹಲ್ ತೋರಿಸಿದಳು.

“ಬಾಬಾ, ಆಯಿಚಾ ಹಾತ್ ನೋಡ್ರಿ. ನಾಲ್ಕ ಜನರ ಬಟ್ಟಿ ಇನ್ನ ಅವರ ಕಡಿಂದ ಆಗೂದಿಲ್ಲ. ನಾ ಕೋಪರಖೈರಣೆ ಆಫೀಸಿಂದ ಬರೂದ್ರಾಗ ಇವರು ಎಲ್ಲಾ ಒಗದು ಇಟ್ಟಿರ್ತಾರ. ಗಣಪತಿಗೆ ಆಫರ್ ಅದ. ಮಶೀನ್ ಘೇಊ ಯಾ.”

“ತಗೊಳ್ರಿ. ಯಾರ ಬ್ಯಾಡ ಅಂದಾರ?” ಎಂದ ಗುರುಪಾದಪ್ಪ.

“ತಗೊಂಡು ಎಲ್ಲಿ ಇಡೋದು?” ಮಗ ಶಿವರಾಜ ತಟ್ಟೆಯಿಂದ ಕಣ್ಣೆತ್ತದೆ ಕೇಳಿದ.

“ಬಚ್ಚಲ ಮೋರಿಯೊಳಗ.”

“ಮೋರಿಯೊಳಗ ಎರಡ ಬಕೀಟ ಇಟ್ರ ನಾ ಒಂಟಿಕಾಲ ಮ್ಯಾಲ ನಿಂದರ್ತೇನಿ,” ಎಂದಳು ಕಲ್ಲವ್ವ. “ನಿಮ್ಮ ಪಟ್ಟದ ರಾಣಿ ಕುಂತಾಳಲ್ಲ, ಆಕಿ ಎದ್ದರ ಎಲ್ಲಾ ಮಷೀನಿಗೂ ಜಾಗಾ ಅದ.”

“ಅದನ್ನ ಹೊರಗ ಹಚ್ಚಾಕ ಸೊಸೈಟಿಯವ್ರು ಬಿಡೂದಿಲ್ಲ. ಬಿಟ್ರೂ ಕಳವ ಆಗ್ತದ.”

“ಹಂಗಾರ ಮಾರ್ರಿ.”

“ಓಡಾಡೋ ಗಾಡಿ ಯಾಕ ಮಾರೂದು?”

“ಕಿಕ್ ಹೊಡದು ಎಷ್ಟ ತಿಂಗಳಾತು, ಅಪ್ಪ?” ಶಿವರಾಜ ಮೆಲ್ಲಗೇ ಕೇಳಿದ. ಮೆಲ್ಲಗೆ ಕೇಳಿದ್ದಕ್ಕೇ ಹೆಚ್ಚು ನೋವಾಯಿತು. ಗುರುಪಾದಪ್ಪ ರೊಟ್ಟಿಯನ್ನು ಚೂರು ಚೂರು ಮಾಡಿದ, ಒಂದು ಚೂರನ್ನೂ ಬಾಯಿಗಿಡಲಿಲ್ಲ. ಕೊನೆಗೆ ಕೈ ತೊಳೆದು ಎದ್ದು, ಗ್ಯಾಲರಿಯ ಬಾಗಿಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತು, “ಮಾರ್ರಿ,” ಎಂದ.

ಗೆದ್ದ ಕಲ್ಲವ್ವನಿಗೆ ಆ ದಿನ ಝುಣಕ ಸಪ್ಪೆ ಎನಿಸಿತು.

ಮಾರಿರಿ ಎಂದವನು ಮರುದಿನದಿಂದ ಮನೆಯಲ್ಲಿ ಅತಿಥಿಯಂತಾದ. ಬಡಿಸಿದ್ದನ್ನು ತಿನ್ನುವನು, ಇನ್ನಷ್ಟು ಕೇಳನು. ಬೆಳಿಗ್ಗೆ ಚಹಾ ಹಿಡಿದು ಗ್ಯಾಲರಿಯಲ್ಲಿ ಸ್ಟೂಲು ಹಾಕಿ ಕೂರುವನು. ಹಳೆಯ ಬನಿಯನ್ ತುಂಡಿನಿಂದ ಕಡ್ಡಿ ಕಡ್ಡಿಯಾಗಿ ಚಕ್ರ ಒರೆಸುವನು. ಮೇಲಿನ ಮಹಡಿಯ ವಸಂತಕುಮಾರ ಜಾಲರಿಯಾಚೆ ನಿಂತು, “ಕಾಕಾ, ಗುಜರಿ ಭಂಗಾರದವನಿಗೆ ತೂಕಕ್ಕೆ ಹಾಕ್ರಿ, ಆಜಕಾಲ್ ಲೋಹಾಕ್ಕ ಭಾವ್ ಚಲೋ ಅದ,” ಎಂದಾಗ ಗುರುಪಾದಪ್ಪ ಮುಂದಿನ ಕಡ್ಡಿ ಒರೆಸತೊಡಗಿದ. ಉತ್ತರಿಸಿದವಳು ಕಲ್ಲವ್ವ: “ನಿಮ್ಮ ಮನ್ಯಾಗಿನ ಮುದುಕ ಮಾವನ್ನೂ ತೂಕಕ್ಕ ಹಾಕ್ತೀರೇನು?” ಹೇಳಿದ ಮೇಲೆ, ಸವತಿಯ ಪರ ತಾನೇಕೆ ವಕಾಲತ್ತು ವಹಿಸಿದೆ ಎಂದು ಅವಳಿಗೇ ಸೋಜಿಗವಾಯಿತು.

ಗಿರಾಕಿ ಸಿಕ್ಕಿದ್ದು ಶಿವರಾಜನಿಂದ. ತುರ್ಭೆಯ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಅವನ ಕೆಲಸ. ಕೆಲವೊಮ್ಮೆ ಸ್ನೇಹಲ್ ಜೊತೆ ಕೋಪರಖೈರಣೆಯ ಒಂದು ಹೋಟೆಲಿನಲ್ಲಿ ದೋಸೆ ತಿನ್ನುವುದುಂಟು. ಆ ಹೋಟೆಲಿನ ಮಾಲೀಕ ಮಧ್ವರಾಜ ಉಡುಪಿಯ ಕಡೆಯವರು. ಗಲ್ಲಾದ ಹಿಂದಿನ ಗೋಡೆಯಲ್ಲಿ ದೇವರ ಪಟ ಒಂದು, ಉಳಿದದ್ದೆಲ್ಲ ಹಳೆಯ ಮೋಟಾರ್ ಸೈಕಲ್ಲುಗಳ ಪಟ. ಶಿವರಾಜ ಮಾತು ತೆಗೆದದ್ದೇ ತಡ, ಅವರು ಗಿರಾಕಿಗೆ ಕೊಡಬೇಕಿದ್ದ ಚಿಲ್ಲರೆಯನ್ನು ಕೈಯಲ್ಲೇ ಹಿಡಿದುಕೊಂಡು, “ಯಾವ ಕಾಲದ್ದು? ಶುರುವಿನದ್ದೋ, ನಂತರದ್ದೋ?” ಎಂದು ಕೇಳಿದರಂತೆ. ಭಾನುವಾರ ನೋಡಲು ಬರುವುದೆಂದು ನಿಶ್ಚಯವಾಯಿತು.

ನೋಡಲು ಬರುತ್ತಾರೆ ಎಂಬ ಮಾತೇ ಆ ಮನೆಯನ್ನು ದಾರಿ ತಪ್ಪಿಸಿತು. ನೋಡಲು ಬರುವವರ ಮುಂದೆ ಏನು ಮಾಡಬೇಕೆಂದು ಕಲ್ಲವ್ವನ ಕುಲದಲ್ಲಿ ಎಲ್ಲರಿಗೂ ಗೊತ್ತು: ಹುಡುಗಿಗೆ ಎಣ್ಣೆ ಹಚ್ಚಿ ಎರೆಯಬೇಕು, ಹೊಸ ಸೀರೆ ಉಡಿಸಬೇಕು, ಮೈಮೇಲಿನ ಕಲೆ ಕಾಣದಂತೆ ಕೂರಿಸಬೇಕು. ಜಾವಾದ ಮೈತುಂಬ ಕಲೆಗಳೇ. ಕಡುಗೆಂಪು ಬಣ್ಣ ಅಲ್ಲಲ್ಲಿ ಮಂಕಾಗಿತ್ತು. ಟ್ಯಾಂಕಿನ ಮೇಲಿನ ಚಿನ್ನದ ಗೆರೆ ಗುರುಪಾದಪ್ಪನ ತೊಡೆ ತಾಗಿ ತಾಗಿ ಒಂದು ಕಡೆ ಅಳಿಸಿಹೋಗಿತ್ತು.

“ಪೂರಾ ಪೇಂಟ್ ಹೊಡಸಿಬಿಡೋಣ,” ಎಂದ ಶಿವರಾಜ. “ತುರ್ಭೆದಾಗ ನಮ್ಮ ಅಂಬಾರಾಯ ಅದಾನ, ಹೊಸಾದ್ರಕಿಂತ ಹೊಸಾದ ಮಾಡಿ ಕೊಡ್ತಾನ.”

“ಅದರ ಚರ್ಮಾ ಸುಲೀಬ್ಯಾಡ್ರಿ,” ಎಂದ ಗುರುಪಾದಪ್ಪ.

“ತುಕ್ಕು ಜಂಗ್ ಹತ್ತಿದ್ದನ್ನ ಯಾರ ತಗೋತಾರ ಅಪ್ಪ?”

“ತಗೊಳ್ಳಲಿಲ್ಲಂದ್ರ ಬಿಡಲಿ.”

“ಹೆಣ್ಣ ತೋರಸೂವಾಗ ಹರಕ ಸೀರಿ ಉಡಸ್ತಾರೇನ್ರಿ?” ಕಲ್ಲವ್ವ ಮಗನ ಪಕ್ಕ ನಿಂತಳು. “ಮಾರ್ರಿ ಅಂದವ್ರು ನೀವ. ಮಾರೂದು ನಮಗ ಬಿಡ್ರಿ.”

ಅಪ್ಪ ಒರೆಸುವ ಬನಿಯನ್ ತುಂಡನ್ನು ಮಡಚಿ ಸೀಟಿನ ಮೇಲಿಟ್ಟ. ಮಗ ಅದನ್ನೇ ಒಪ್ಪಿಗೆ ಎಂದುಕೊಂಡ. ಮುಂದಿನ ಮಡ್ಗಾರ್ಡನ್ನು ಕಳಚಿ ತುರ್ಭೆಗೆ ಒಯ್ದು, ಕನ್ನಡಿಯಂತೆ ಹೊಳೆಯಿಸಿ ತಂದು ಕೂಡಿಸಿದ. ಕಲ್ಲವ್ವ ಅದರಲ್ಲಿ ತನ್ನ ಮುಖ ನೋಡಿ ಕುಂಕುಮ ಸರಿಮಾಡಿಕೊಂಡಳು. ಗುರುಪಾದಪ್ಪ ಹತ್ತಿರ ಬಂದು, ಕೋಲೂರಿ ಬಗ್ಗಿ ನೋಡಿ, “ಯಾರ ಗಾಡೀದು ಇದು?” ಎಂದು ಕೇಳಿ ಒಳಗೆ ಹೋದ.

ಶನಿವಾರ ಉಳಿದ ಮೈಯ ಸರದಿ. ಗುರುಪಾದಪ್ಪ ಕಾಲಿನ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋದ ಹೊತ್ತು ನೋಡಿ ಅಂಬಾರಾಯ ಸಾಮಾನು ಚೀಲದೊಂದಿಗೆ ಬಂದ. ಕಲಬುರಗಿಯ ಕಡೆಯ ಗಟ್ಟಿ ಆಳು, ಮಾತಿಗಿಂತ ಕೈ ಮುಂದು. ಚಹಾ ಕುಡಿದು ಲೋಟ ಕೆಳಗಿಡುವ ಮೊದಲೇ ತಂತಿ ಬ್ರಶ್ಶಿನ ಯಂತ್ರವನ್ನು ಪ್ಲಗ್ಗಿಗೆ ಹಾಕಿಸಿದ್ದ.

“ಮೊದಲ ಕುತಗಿ ಸಾಫ್ ಮಾಡ್ತೀನ್ರಿ ಯವ್ವಾ. ಇಲ್ಲಿ ಏನೋ ಬೆಳ್ಳಗ ಗಟ್ಟಿಯಾಗಿ ಕುಂತದ. ಸಿಮೆಂಟ್ ಬಿದ್ದದೇನೋ.”

ಹ್ಯಾಂಡಲ್ಲಿನ ಕೆಳಗೆ, ಗಾಡಿಯ ಕುತ್ತಿಗೆಯ ಬದಿಯಲ್ಲಿ, ಕಬ್ಬಿಣದಲ್ಲಿ ಕುಟ್ಟಿದ ನಂಬರಿನ ಮೇಲೆ ಅಂಗೈಯಷ್ಟು ಅಗಲದ ಬಿಳಿ ಪೊರೆ ಕಟ್ಟಿತ್ತು. ಅಂಬಾರಾಯ ಯಂತ್ರ ಚಾಲೂ ಮಾಡಿದ.

“ಬಂದ್ ಮಾಡಪ್ಪ,” ಎಂದಳು ಕಲ್ಲವ್ವ.

ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅವಳು ಸೀದಾ ಹೋಗಿ ಗೋಡೆಯ ಬಟನ್ ಒತ್ತಿ, ಗಾಡಿಗೂ ಅವನಿಗೂ ನಡುವೆ ನಿಂತಳು.

“ಅದು ಸಿಮೆಂಟಲ್ಲ. ವಿಭೂತಿ. ಅದು ನನ್ನ ಪೂಜಿ ಜಾಗಾ, ಅಲ್ಲಿ ಕೈ ಹಚ್ಚಬ್ಯಾಡ.”

“ಅವ್ವ, ನಾಳಿ ಗಿರಾಕಿ ಬರ್ತಾರ,” ಎಂದ ಶಿವರಾಜ. “ಸುತ್ತೆಲ್ಲಾ ಹೊಸಾದು, ನಡುವ ಅಷ್ಟ ಬೂದಿ ಚಂದ ಕಾಣತದೇನು?”

“ಸುತ್ತೂ ಬ್ಯಾಡ. ಏನೂ ಬ್ಯಾಡ. ಅಂಬಾರಾಯಾ, ಊಟಾ ಮಾಡಿಕೊಂಡು ಹೋಗು.”

“ನಿನ್ನೀ ತನಕಾ ನೀನ ಹೊಡಸು ಅಂದಿ.”

“ನಿನ್ನಿ ಅಂದೆ. ಇವತ್ತ ಬ್ಯಾಡ ಅಂತೀನಿ.”

ಅವಳಿಗೆ ಇದ್ದಕ್ಕಿದ್ದಂತೆ ಆದ ದಿಗಿಲಿಗೆ ಕಾರಣವಿತ್ತು. ಶಿವರಾಜ ಇನ್ನೂ ತೊಟ್ಟಿಲಲ್ಲಿದ್ದಾಗ ಒಂದು ಮಳೆಗಾಲದಲ್ಲಿ ಗುರುಪಾದಪ್ಪ ಪಾಳಿ ಮುಗಿಸಿ ಬರುತ್ತಿದ್ದಾಗ, ಉಲ್ಹಾಸನಗರದ ಹತ್ತಿರ ಒಂದು ಲಾರಿ ಜಾರಿ ಮೈಮೇಲೆ ಬಂದಿತ್ತು. ಗಾಡಿ ಅವನನ್ನು ಪಕ್ಕಕ್ಕೆ ಎಸೆದು ತಾನು ಗಟಾರಕ್ಕೆ ಬಿದ್ದಿತು. ಮೊಣಕೈ ತರಚಿಕೊಂಡು, ಕೆಸರಿನ ಗಾಡಿಯನ್ನು ನೂಕಿಕೊಂಡೇ ಅವನು ಮನೆ ಸೇರಿದ. ಆ ವರ್ಷದ ಮಹಾನವಮಿಗೆ, ಖಂಡೆ ಪೂಜೆಯಲ್ಲಿ, ಮನೆಯ ಇಳಿಗೆ ಕತ್ತರಿಗಳ ಜೊತೆ ಗಾಡಿಗೂ ಪೂಜೆಯಾಯಿತು. ಎಲ್ಲಿ ಪೂಜಿಸುವುದು ಎಂದು ಕೇಳಿದ್ದಕ್ಕೆ ಗುರುಪಾದಪ್ಪ, “ಇದು ಅದರ ಹೆಸರಿದ್ದಂಗ, ಇಲ್ಲಿ ಹಚ್ಚು,” ಎಂದು ಕುತ್ತಿಗೆಯ ನಂಬರು ತೋರಿಸಿದ್ದ. ಅವಳು ಕುಸುಬೆ ಎಣ್ಣೆಯಲ್ಲಿ ವಿಭೂತಿ ಕಲಸಿ ದಪ್ಪಗೆ ಬಳಿದಳು. ಅಂದಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಸವತಿ ಎಂದು ಬೈಯುವುದೂ ತಪ್ಪಿರಲಿಲ್ಲ, ಪೂಜೆಯೂ ತಪ್ಪಿರಲಿಲ್ಲ.

ಅಂಬಾರಾಯ ರೊಟ್ಟಿ ಬದನೆಕಾಯಿ ಉಂಡು, ಅರ್ಧ ಕೂಲಿ ಇಸಿದುಕೊಂಡು, ಈ ಮನೆಯವರಿಗೆ ತಲೆ ಸರಿಯಿಲ್ಲ ಎನ್ನುವ ಮುಖ ಮಾಡಿ ಹೋದ. ಶಿವರಾಜ ಅವ್ವನ ಜೊತೆ ಮಾತು ಬಿಟ್ಟ. ಗುರುಪಾದಪ್ಪ ಮರಳಿ ಬಂದು, ನೆಲಕ್ಕೆ ಹಾಸಿದ್ದ ಪೇಪರು, ಪ್ಲಗ್ಗು, ಎಲ್ಲ ನೋಡಿ, ಕುತ್ತಿಗೆಯ ವಿಭೂತಿ ಹಾಗೇ ಇದೆಯೆಂದು ಬೆರಳಿಂದ ಮುಟ್ಟಿ, ಸ್ಟೂಲಿನ ಮೇಲೆ ಕುಳಿತ. ಆ ದಿನ ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಂಡ.

ಭಾನುವಾರ ಸ್ನೇಹಲ್ ಈರುಳ್ಳಿ ಅವಲಕ್ಕಿಯ ಕಾಂದೇಪೋಹೆ ಮಾಡಿದಳು. “ನಮ್ಮ ಕಡೆ ಹೆಣ್ಣ ನೋಡಾಕ ಬಂದ್ರ ಹೇಚ್, ಇದನ್ನ ಮಾಡೂದು,” ಎಂದು ಅತ್ತೆಯ ಕಿವಿಯಲ್ಲಿ ಹೇಳಿ ನಕ್ಕಳು. ಮಧ್ವರಾಜ ಬಂದರು, ಬಿಳಿ ಅಂಗಿ, ಹಣೆಯಲ್ಲಿ ಸಣ್ಣ ಅಕ್ಷತೆಯ ಬೊಟ್ಟು, ಜೇಬಿನಲ್ಲಿ ಬ್ಯಾಟರಿ ಟಾರ್ಚು, ಮೆತ್ತನೆಯ ಬಟ್ಟೆ. ಪೋಹೆಯ ತಟ್ಟೆ ಹಿಡಿದೇ ಗ್ಯಾಲರಿಗೆ ಬಂದವರ ಕಣ್ಣು ಮೊದಲು ಬಿದ್ದದ್ದು ಹೊಳೆಯುವ ಮಡ್ಗಾರ್ಡಿನ ಮೇಲೆ. ಅವರ ಮುಖ ಬಾಡಿತು.

“ಇದು ಎಂತ ಮಾಡಿದ್ದು ಮಾರಾಯ್ರೆ?”

“ಹೊಸಾ ಪೇಂಟ್ ಸರ್. ಉಳಿದದ್ದನ್ನೂ ಮಾಡಸೋರಿದ್ವಿ, ಅವ್ವ ಬಿಡಲಿಲ್ಲ,” ಎಂದ ಶಿವರಾಜ, ತಾಯಿಯ ಕಡೆ ದೂರುವ ಕಣ್ಣು ಹಾಯಿಸಿ.

“ಬಿಡದಿದ್ದದ್ದು ನಿಮ್ಮ ಪುಣ್ಯ. ಬಣ್ಣ ಎಷ್ಟು ಸಲ ಬೇಕಾದರೂ ಹೊಡೆಸಬಹುದು. ಮೊದಲ ಬಣ್ಣ ಇರುವುದು ಒಂದೇ ಸಲ ಅಲ್ವಾ?”

ಅವರು ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ನೆಲಕ್ಕೆ ಮೊಣಕಾಲೂರಿದರು. ಬ್ಯಾಟರಿ ಬೆಳಕು ಎಂಜಿನ್ನಿನ ಮೇಲೆ, ಕಾರ್ಬ್ಯುರೇಟರಿನ ಮೇಲೆ, ಚಕ್ರದ ನಡುವಿನ ಗುಂಬದ ಮೇಲೆ ನಿಂತು ನಿಂತು ಹರಿಯಿತು.

“ಇಲ್ಲಿ ನೋಡಿ, ಈ ಅಚ್ಚು. ಇದು ಚೆಕೊಸ್ಲೊವಾಕಿಯದ್ದು. ಶುರುವಿನ ಗಾಡಿಗಳಿಗೆ ಸಾಮಾನು ಅಲ್ಲಿಂದ ಬರ್ತಿತ್ತು, ಮೈಸೂರಿನಲ್ಲಿ ಜೋಡಿಸ್ತಿದ್ದರು. ಆಮೇಲೆ ಒಂದೊಂದೇ ಇಲ್ಲಿ ಮಾಡಲಿಕ್ಕೆ ಕಲಿತರು. ನಮ್ಮವರ ಕೈ ಪಳಗಿದ್ದು ಇವುಗಳ ಮೇಲೆ.”

“ಅಂದ್ರ ಮೊದಲಿನದ್ದು ಭಾಳ ಚಲೋ, ಆಮ್ಯಾಲಿಂದು ಖರಾಬ್ ಏನ್ ಕಾಕಾ?” ಎಂದಳು ಸ್ನೇಹಲ್.

ಮಧ್ವರಾಜ ನಕ್ಕರು. “ಖರಾಬ್ ಅಲ್ಲಮ್ಮ. ನಾನು ಹೋಟೆಲಿನವ ಹೇಳ್ತೇನೆ, ಕೇಳು. ಹೋಟೆಲು ತೆರೆದ ಮೊದಲ ವಾರ ಸಾಂಬಾರಿಗೆ ಬೇಳೆ ಧಾರಾಳ ಬೀಳ್ತದೆ. ಹೆಸರು ಬರಬೇಕು ಅಂತ. ಆಮೇಲೆ ಗಲ್ಲಾದಲ್ಲಿ ಕೂತವ ಬೇಳೆಯ ಲೆಕ್ಕ ಕೇಳ್ತಾನೆ. ಸಾಂಬಾರು ಆಗಲೂ ಒಳ್ಳೆಯದೇ. ಆದರೆ ಮೊದಲ ವಾರದ್ದು ಉಂಡವ ಸಾಯುವವರೆಗೆ ಅದರ ಮಾತಾಡ್ತಾನೆ.” ಟ್ಯಾಂಕಿನ ಚಿನ್ನದ ಗೆರೆಯ ಮೇಲೆ ಬೆರಳು ತಾಗಿಸದೆ ಗಾಳಿಯಲ್ಲೇ ಆಡಿಸಿದರು. “ಇದು ಕುಂಚದಲ್ಲಿ ಕೈಯಿಂದ ಎಳೆದದ್ದು. ಇಲ್ಲಿ ಒಂದು ಕೂದಲಷ್ಟು ದಪ್ಪ ಆಗಿದೆ, ನೋಡಿ. ಎಳೆದವ ಉಸಿರು ಬಿಟ್ಟದ್ದು ಕಾಣ್ತದೆ.”

ಗುರುಪಾದಪ್ಪ ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ. ಈಗ ಮುಂದೆ ಬಂದ. “ಕಿಕ್ ಹೊಡಿಯೂ ಕಡ್ಡೀನ ಗೇರ್ ಕಡ್ಡಿ ಆಗತದ, ನೋಡೀರೇನು? ಒಂದ ಕಡ್ಡಿ, ಎರಡ ಕೆಲಸ. ನಾ ಫಿಟ್ಟರ್ ಮನಷ್ಯಾ, ಇಂಥಾ ಬುದ್ಧಿ ಯಾರ ತಲ್ಯಾಗ ಬಂತೋ ಅಂತ ಇನ್ನೂ ಅನಸ್ತದ.”

“ಅನ್ನಿಸಬೇಕು ಸ್ವಾಮಿ. ನನಗೂ ಅನ್ನಿಸ್ತದೆ.”

ಇಬ್ಬರು ಮುದುಕರು ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿ ನಕ್ಕರು. ಎಷ್ಟೋ ವಾರಗಳ ಮೇಲೆ ಗಂಡನ ನಗೆ ಕಂಡ ಕಲ್ಲವ್ವನಿಗೆ ಎದೆ ತುಂಬಿ ಬಂತು. ಮನೆಯಲ್ಲಿ ಇಷ್ಟು ದಿನ ಈ ಗಾಡಿಯ ಹೆಚ್ಚುಗಾರಿಕೆ ಹೇಳಿದವನು ಅವನೊಬ್ಬನೇ, ಕೇಳಿದವರು ಯಾರೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

“ಆದರೆ ಒಂದು ಉಂಟು,” ಮಧ್ವರಾಜರ ದನಿ ತಗ್ಗಿತು. “ಎಂಜಿನ್ನಿನ ನಂಬರು ಸಿಕ್ಕಿತು. ಚಾಸಿಯ ನಂಬರು ಇದಕ್ಕೆ ಹೊಂದಬೇಕು. ಹೊಂದಿದರೆ ಕಾರ್ಖಾನೆಯಿಂದ ಹೊರಟ ಜೋಡಿ ಇದೇ ಅಂತ. ಹೆಚ್ಚಿನ ಗಾಡಿಗಳಲ್ಲಿ ಅದು ತುಕ್ಕು ತಿಂದು ಹೋಗಿರ್ತದೆ, ಇಲ್ಲದಿದ್ದರೆ ಪೇಂಟಿನವರು ಉಜ್ಜಿ ಅಳಿಸಿರ್ತಾರೆ. ಅದಿಲ್ಲದಿದ್ದರೆ ಗಾಡಿಗೆ ಹುಟ್ಟಿದ ಊರೇ ಇಲ್ಲದ ಹಾಗೆ.” ಕುತ್ತಿಗೆಯ ಹತ್ತಿರ ಬೆಳಕು ಹಿಡಿದರು. “ಇದೆಂತ ಬೆಳ್ಳಗೆ?”

“ವಿಭೂತಿರಿ,” ಎಂದಳು ಕಲ್ಲವ್ವ. “ಎಣ್ಣ್ಯಾಗ ಕಲಿಸಿ ಹಚ್ಚೀನಿ.”

“ತೆಗೆಯಬಹುದಾ ಅಮ್ಮ? ನೀವು ಹೇಳಿದರೆ ಮಾತ್ರ.”

ಅವಳು ತಾನೇ ಮುಂದೆ ಹೋದಳು. ಕೊಬ್ಬರಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಪೊರೆಯ ಮೇಲೆ ಒತ್ತಿ ಹಿಡಿದಳು. ಎಳೆಗೂಸಿನ ತಲೆಯ ಹೊಟ್ಟು ತೆಗೆಯುವಾಗ ಹಿಡಿಯುವ ಹಾಗೆ. ವರ್ಷ ವರ್ಷದ ವಿಭೂತಿ ಪದರ ಪದರವಾಗಿ ಬಿಟ್ಟುಕೊಂಡಿತು. ಕೆಳಗೆ ಒಂದು ಚುಕ್ಕೆ ತುಕ್ಕಿಲ್ಲದೆ, ನಿನ್ನೆ ಕುಟ್ಟಿದಂತೆ, ಅಂಕಿಗಳು ನಿಂತಿದ್ದವು. ಮಧ್ವರಾಜ ಬಗ್ಗಿ ಎಂಜಿನ್ನಿನದನ್ನು ಓದಿದರು, ಎದ್ದು ಕುತ್ತಿಗೆಯದನ್ನು ಓದಿದರು. ಮತ್ತೊಮ್ಮೆ ಬಗ್ಗಿದರು. ಎರಡೂ ಒಂದೇ.

ಅವರು ಕೈಯಲ್ಲಿದ್ದ ಬ್ಯಾಟರಿ ಆರಿಸಲು ಮರೆತು ಕಲ್ಲವ್ವನ ಕಡೆ ತಿರುಗಿ ಕೈಮುಗಿದರು. “ಇಂಥದ್ದಕ್ಕೆ ನಾವು ಕಾಯ್ತೇವೆ ಅಮ್ಮ. ಇದನ್ನು ಉಳಿಸಿದ್ದು ನಿಮ್ಮ ಕೈ.”

ಶಿವರಾಜ ನೆಲ ನೋಡಿದ. ನಿನ್ನೆ ಅದೇ ಜಾಗಕ್ಕೆ ಯಂತ್ರ ಹಿಡಿಸಿದವನು ತಾನು ಎಂಬುದು ಅವನಿಗೆ ತಿಳಿಯಿತು. “ತಪ್ಪಾತು ಅವ್ವ,” ಎಂದ.

ಮಧ್ವರಾಜ ಹೇಳಿದ ಬೆಲೆ ಆ ಕಟ್ಟಡದ ಪ್ರತಿ ಮನೆಗೂ ಒಂದೊಂದು ವಾಷಿಂಗ್ ಮಷೀನು ಬರುವಷ್ಟಿತ್ತು. ಸ್ನೇಹಲ್ “ಬಾಪ್ರೆ” ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆದರೆ ಗುರುಪಾದಪ್ಪ ಹೆಂಡತಿಯ ಕಡೆ ಕೈ ತೋರಿಸಿದ.

“ಇಕೀನ ಕೇಳ್ರಿ. ನಾ ಓಡಿಸೀನಿ, ಉಳಸಿದಾಕಿ ಇಕಿ.”

ಎಲ್ಲರೂ ಕಲ್ಲವ್ವನ ಮುಖ ನೋಡಿದರು. ಅವಳು ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬೇಡ ಎಂದರೆ ಗಂಡ ಈ ಸ್ಟೂಲಿನ ಮೇಲೆ, ಹೊಡೆಯಲಾಗದ ಕಿಕ್ ನೋಡುತ್ತ, ಇನ್ನುಳಿದ ಬೆಳಗುಗಳನ್ನೆಲ್ಲ ಕಳೆಯುತ್ತಾನೆ. ಹೌದು ಎಂದರೆ ಈ ಜಾಗ ಖಾಲಿ.

“ಒಮ್ಮೆ ಚಾಲೂ ಮಾಡ್ರಿ,” ಎಂದಳು ಮಧ್ವರಾಜರಿಗೆ.

ಗುರುಪಾದಪ್ಪ ಮೊಳೆಯಂಥ ಪುಟ್ಟ ಬೀಗದ ಕೈ ಕೊಟ್ಟ, ಪೆಟ್ರೋಲು ಬಿಟ್ಟ, ಎಷ್ಟು ಅದುಮಬೇಕು ಎಂದು ಕೈಸನ್ನೆಯಲ್ಲಿ ಹೇಳಿದ. ಮೂರನೆಯ ಒದೆತಕ್ಕೆ ಜಾವಾ ಎದ್ದಿತು. ಅಡುಗೆಮನೆಯ ಮಾಡದ ಮೇಲಿನ ತಾಟುಗಳು ಗಲಗಲ ಅಂದವು. ನೀಲಿ ಹೊಗೆ ಜಾಲರಿ ದಾಟಿ ಓಣಿಗೆ ಹೋಯಿತು. ಮೇಲಿನಿಂದ ವಸಂತಕುಮಾರ ಇಣುಕಿದ. ಗುರುಪಾದಪ್ಪ ಕೋಲು ಗೋಡೆಗಿಟ್ಟು, ಕಣ್ಣು ಮುಚ್ಚಿ, ಅಂಗೈಯನ್ನು ಟ್ಯಾಂಕಿನ ಮೇಲಿಟ್ಟು ನಿಂತಿದ್ದ.

ಸದ್ದು ನಿಂತ ಮೇಲೆ ಕಲ್ಲವ್ವ ಹೇಳಿದಳು: “ನಾ ಪೂಜಿ ಮಾಡಿದ್ದು ಗಾಡೀಗಲ್ರಿ. ಇವ್ರನ್ನ ದಿನಾ ಮನಿಗೆ ತಿರುಗಿ ಕರಕೊಂಡು ಬರ್ಲಿ ಅಂತ ಮಾಡಿದ್ದು. ಅದು ಒಂದ ದಿನಾನೂ ಮಾತ ತಪ್ಪಲಿಲ್ಲ. ಈಗ ಇವ್ರು ಮನ್ಯಾಗ ಅದಾರ. ಅದರ ಕೆಲಸ ಮುಗೀತು.” ಎಣ್ಣೆಯ ಬಟ್ಟೆಯನ್ನು ಮಡಚಿಟ್ಟಳು. “ಒಯ್ರಿ. ಖರೆ, ಪೇಂಟ್ ಮಾತ್ರ ಹೊಡಸಬ್ಯಾಡ್ರಿ. ವರ್ಷಕ್ಕೊಮ್ಮೆ ನಂಬರಿಗೆ ವಿಭೂತಿ ಹಚ್ಚರಿ.”

“ನಾವು ಗೋಪಿಚಂದನದವರು ಅಮ್ಮ,” ಎಂದರು ಮಧ್ವರಾಜ. ಕಲ್ಲವ್ವನ ಮುಖ ನೋಡಿ ಕೂಡಲೇ ಸೇರಿಸಿದರು: “ಆದರೆ ಗಾಡಿ ನಿಮ್ಮ ಮನೆಯದ್ದಲ್ವಾ. ವಿಭೂತಿಯನ್ನೇ ಹಚ್ತೇನೆ.”

ಗುರುಪಾದಪ್ಪ ಹೆಂಡತಿಯ ಪಕ್ಕಕ್ಕೆ ಬಂದು ನಿಂತ, ಅಷ್ಟೇ.

ಜಾವಾ ಹೋಯಿತು. ವಾಷಿಂಗ್ ಮಷೀನು ಬಂತು. ಕಲ್ಲವ್ವನ ಮಣಿಕಟ್ಟಿನ ಬಾವು ಇಳಿಯಿತು, ಸ್ನೇಹಲ್ ಭಾನುವಾರ ತಡವಾಗಿ ಏಳತೊಡಗಿದಳು. ಗುರುಪಾದಪ್ಪ ಮೊದಲ ಕೆಲವು ದಿನ ಮಷೀನು ತಿರುಗುವ ಸದ್ದಿಗೆ ಕಿವಿಗೊಟ್ಟು, “ಇದರ ಬೇರಿಂಗ್ ವರ್ಷದಾಗ ಹೋಗತದ,” ಎಂದು ಹೇಳಿ ಸಮಾಧಾನಪಟ್ಟ. ಆಮೇಲೆ ಸಂಜೆಗೆ ಕೋಲು ಹಿಡಿದು ಸ್ಟೇಷನ್ನಿನವರೆಗೆ ನಡೆಯಲು ಶುರುಮಾಡಿದ. ಮಗ ಸೊಸೆ ಲೋಕಲ್ ಇಳಿದು ಬರುವಾಗ ಅವರ ಜೊತೆ ಮರಳುತ್ತಿದ್ದ.

ಮಹಾನವಮಿ ಬಂತು. ಬೆಳಿಗ್ಗೆ ಮಧ್ವರಾಜರ ಫೋನು: “ಅಮ್ಮ, ಎಣ್ಣೆ ಎಷ್ಟು, ವಿಭೂತಿ ಎಷ್ಟು? ನನ್ನದು ಜಾರಿ ಹೋಗ್ತಾ ಉಂಟು.” ಚಪಾತಿ ಹಿಟ್ಟಿನ ಹದಕ್ಕೆ ಕಲಸಬೇಕೆಂದು ಕಲ್ಲವ್ವ ಹೇಳಿಕೊಟ್ಟಳು. ಇಳಿಗೆ, ಕತ್ತರಿ, ಗಂಡನ ಹಳೆಯ ಪಾನಾ ಸ್ಪ್ಯಾನರುಗಳು, ವಾಷಿಂಗ್ ಮಷೀನು, ಎಲ್ಲಕ್ಕೂ ವಿಭೂತಿ ಹಚ್ಚಿ ಹೂ ಏರಿಸಿದಳು. ಬಟ್ಟಲಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಸ್ಟೂಲು ಹಾಕಿಕೊಂಡು ಗಂಡ ಬಿಸಿಲಿಗೆ ಕುಳಿತಿದ್ದ. ಅವಳು ಎದುರಿಗೆ ಕುಳಿತು ಅವನ ಬಲಗಾಲಿನ ಧೋತರ ಸರಿಸಿದಳು. ಮೊಣಕಾಲಿನ ಮೇಲಿನ ಹೊಲಿಗೆಯ ಗೆರೆಯುದ್ದಕ್ಕೂ ಎಣ್ಣೆಯ ವಿಭೂತಿಯನ್ನು ದಪ್ಪಗೆ ಬಳಿದಳು.

“ಇದೇನs ಹುಚ್ಚು, ಕಲ್ಲವ್ವಾ?”

“ಕಬ್ಬಿಣ ಅಲ್ಲೇನಿದು? ನಂಬರನೂ ಕೊಟ್ಟಾರ.” ಅವಳು ಒಂದು ಹೂ ತೆಗೆದು ಮೊಣಕಾಲಿನ ಮೇಲಿಟ್ಟಳು. “ಸಂಜಿಮುಂದ ಹೊರಗ ಹೋಗತೀರಿ. ತಿರುಗಿ ಮನಿಗೆ ಕರಕೊಂಡು ಬರೂದು ಇನ್ನ ಇದರ ಕೆಲಸ.”